ಚಿಕ್ಕೋಡಿಗೆ ಬೈ

ಹೋದ ವಾರ ಅಥಣಿಯ ಒಂದು ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದ್ದರು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಚಿಕ್ಕೋಡಿಗೆ ಬೈ.'

ನೀವು ಚಿಕ್ಕೋಡಿಯವರಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಾಡಹಗಲು, ಅಥಣಿಯವರು, ಅದೂ ಕಾಲೇಜಿನ ಗೋಡೆಯ ಮೇಲೆ, ಬಂದು ಹೋಗುವವರಿಗೆಲ್ಲ ನಮ್ಮೂರಿಗೆ ಬೈಯಲು ಅಪ್ಪಣೆ ಕೊಟ್ಟಿದ್ದಾರೆ ಎಂದು ನಮ್ಮವರ ರಕ್ತ ಕುದಿಯಿತು. ಎರಡು ಕ್ರೂಸರ್ ಗಾಡಿ ತುಂಬಿಕೊಂಡು ಹೊರಟೇ ಬಿಟ್ಟರು. ಒಂದರಲ್ಲಿ ನಾನೂ ಇದ್ದೆ. (ನೀವ್ಯಾಕೆ ಹೋಗಿದ್ರಿ ಅಂತ ಹೆಂಡತಿ ಇನ್ನೂ ಕೇಳುತ್ತಿದ್ದಾಳೆ.)

ತಾಳಿ, ಮೊದಲಿನಿಂದ ಹೇಳುತ್ತೇನೆ.

ನನ್ನ ಝೆರಾಕ್ಸ್ ಅಂಗಡಿ ಚಿಕ್ಕೋಡಿಯ ಒಂದು ಕಾಲೇಜಿನ ಗ್ರೌಂಡಿನ ಎದುರಿಗಿದೆ ಅಂತ ನನ್ನ ಈ ಕಾಲಂ ಓದುವ ನಿಮಗೆ ಗೊತ್ತು. ಪಕ್ಕದಲ್ಲೇ ಒಂದು ಚಹಾದಂಗಡಿ. ಅಲ್ಲಿ ದಿನಾ ಮುಂಜಾನೆ ಒಂದು ಸಭೆ ಸೇರುತ್ತದೆ. ಅಧ್ಯಕ್ಷರು ಅಣ್ಣಾಸಾಹೇಬರು. ಕಬ್ಬಿನ ಹೊಲ, ದೊಡ್ಡ ಮನೆತನ, ಕಾಲೇಜಿನ ಆಡಳಿತ ಸಮಿತಿಯ ಸದಸ್ಯರು. ಅವರ ಬಲಕ್ಕೆ ದಸ್ತಗೀರ ಮಾಮಾ. ಕುಡಚಿಯವರು, ಬಸ್ ಕಂಡಕ್ಟರ್ ಆಗಿ ರಿಟೈರ್ ಆಗಿ ಇಲ್ಲಿಯೇ ಮನೆ ಮಾಡಿದ್ದಾರೆ. ಎಡಕ್ಕೆ ವಿಲಾಸ. ನಿಪ್ಪಾಣಿ ಕಡೆಯ ತಂಬಾಕಿನ ದಲಾಲಿ. ಸಿಟ್ಟು ಬಂದರೆ ಮರಾಠಿ, ಖುಷಿಯಾದರೂ ಮರಾಠಿ, ಚಹಾದ ಬಿಲ್ ಕೊಡುವಾಗ ಮಾತ್ರ ಮೌನ.

ಈ ಸಭೆಯ ಕಾಯಂ ವಿಷಯ ಒಂದೇ. 'ಚಾನ್ಸ್ ಐತೇನು?'

ಯಾವುದರ ಚಾನ್ಸ್ ಅನ್ನುವುದು ಮುಖ್ಯವಲ್ಲ. ಮಳೆಯ ಚಾನ್ಸ್, ಸಕ್ಕರೆ ಫ್ಯಾಕ್ಟರಿ ಬೇಗ ಚಾಲೂ ಆಗುವ ಚಾನ್ಸ್, ಎಲೆಕ್ಷನ್ ಚಾನ್ಸ್. ಏನೂ ಇಲ್ಲದಿದ್ದರೆ ಚಿಕ್ಕೋಡಿ ಜಿಲ್ಲೆಯಾಗುವ ಚಾನ್ಸ್ ಇದ್ದೇ ಇದೆ. (ಅಥಣಿಯವರು ಜಿಲ್ಲೆ ತಮಗೇ ಬೇಕು ಅನ್ನುತ್ತಾರೆ, ಅದು ಬೇರೆ ಮಾತು.) ನಾನು ಅರ್ಧ ಚಡ್ಡಿಯಲ್ಲಿದ್ದಾಗಲೂ ಅದು ಇನ್ನೇನು ಆಗೇ ಬಿಡುತ್ತಿತ್ತು. ಈಗ ನನ್ನ ತಲೆಗೂದಲು ಬೆಳ್ಳಗಾಗಿವೆ, ಈಗಲೂ ಅದು ಇನ್ನೇನು ಆಗೇ ಬಿಡುತ್ತದೆ. ನಮಗೆ ಚಾನ್ಸ್ ಅಂದರೆ ದವಡೆಯಲ್ಲಿಟ್ಟ ತಂಬಾಕು ಇದ್ದ ಹಾಗೆ. ನುಂಗುವುದಿಲ್ಲ, ಲಗೂನ ಉಗುಳುವುದೂ ಇಲ್ಲ.

ಈ ವರ್ಷ ಸಭೆಗೆ ಹೊಸ ವಿಷಯ ಸಿಕ್ಕಿತು. ಎದುರಿನ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮು!

ಹುಡುಗಿಯರು ಹೇಗೋ ಒಂದರ ಮೇಲೊಂದು ಮ್ಯಾಚ್ ಗೆದ್ದುಬಿಟ್ಟರು. ರಾಯಬಾಗದವರನ್ನು ಸೋಲಿಸಿದರು. ಪೇಪರಿನಲ್ಲಿ ಸಣ್ಣದಾಗಿ ಸುದ್ದಿ ಬಂತು. ಅಷ್ಟು ಸಾಕಾಯಿತು. ವರ್ಷದ ಆಟ ಮುಗಿದ ಮೇಲೆ ಝೋನಲ್ ಟೂರ್ನಮೆಂಟ್ ಇರುತ್ತದಲ್ಲ, ಅದರಲ್ಲಿ ನಮ್ಮವರು ಫೈನಲ್ ಮುಟ್ಟುವ ಚಾನ್ಸ್ ಎಷ್ಟು ಅಂತ ಚರ್ಚೆ ಶುರುವಾಯಿತು.

"ನಿಪ್ಪಾಣಿ ಟೀಮ್ ಗಟ್ಟಿ ಐತ್ರಿ," ಎಂದು ವಿಲಾಸ.

"ಗಟ್ಟಿ ಇದ್ರ ಏನಾತು? ಕಾಗವಾಡದವ್ರು ಅವ್ರನ್ನ ಹೊಡದ್ರ, ನಾವು ಕಾಗವಾಡದವ್ರನ್ನ ಹೊಡದ್ರ, ಮುಗೀತು," ಎಂದು ಅಣ್ಣಾಸಾಹೇಬರು.

"ಮತ್ತ ಕಾಗವಾಡದವ್ರು ನಮ್ಮನ್ನ ಹೊಡದ್ರ?" ಎಂದು ದಸ್ತಗೀರ ಮಾಮಾ.

"ಹಂಗ್ಯಾಕ ಅಪಶಕುನ ನುಡೀತೀಯೋ ಮಾರಾಯಾ!"

ಹೀಗೇ ತಿಂಗಳುಗಟ್ಟಲೆ. ಆ ಗ್ರೌಂಡಿಗೂ ಈ ಚಹಾದಂಗಡಿಗೂ ನಡುವೆ ಇರುವುದು ಒಂದು ರಸ್ತೆ ಮಾತ್ರ. ಸಂಜೆ ಹುಡುಗಿಯರು ಆಡುವ ಬಾಲಿನ ಸಪ್ಪಳ ಇಲ್ಲಿಯವರೆಗೆ ಕೇಳುತ್ತದೆ. ಆದರೆ ಈ ಮೂವರಲ್ಲಿ ಒಬ್ಬರೂ ಒಂದು ದಿನ ರಸ್ತೆ ದಾಟಿ ಹೋಗಿ ನೋಡಿದವರಲ್ಲ. ಅಣ್ಣಾಸಾಹೇಬರು ಒಮ್ಮೆ ಹೋಗಿದ್ದರು ಅನ್ನಿ, ಕಾರ್ ಪಾರ್ಕ್ ಮಾಡಲಿಕ್ಕೆ. ಕೋರ್ಟಿನ ನಡುವೆಯೇ ನಿಲ್ಲಿಸಿದರು. ನೆರಳಿತ್ತಂತೆ.

ಆ ಟೀಮಿನ ಕ್ಯಾಪ್ಟನ್ ಸ್ನೇಹಲ್ ನಮ್ಮ ಓಣಿಯ ಹುಡುಗಿ. ಹಿಟ್ಟಿನ ಗಿರಣಿಯವರ ಮಗಳು. ಬಿ.ಕಾಂ. ಕಡೆಯ ವರ್ಷ. ನೋಟ್ಸ್ ಝೆರಾಕ್ಸಿಗೆ ಬಂದಾಗ ಎರಡು ಮಾತಾಡುತ್ತಾಳೆ. ಟೂರ್ನಮೆಂಟಿಗೆ ಹೋಗುವ ಮುಂಚಿನ ದಿನ ಬಂದಿದ್ದಳು. "ಹೆಂಗವ್ವಾ, ಚಾನ್ಸ್ ಐತೇನು?" ಅಂದೆ. (ಚಟ ಅಂಟುಜಾಡ್ಯ.)

"ಫೈನಲ್ ಮುಟ್ಟಿದ್ರ ಸಾಕ್ರೀ ಕಾಕಾ," ಎಂದಳು. "ಫೈನಲ್ ದಿವಸ ಯುನಿವರ್ಸಿಟಿ ಟೀಮ್ ಆರಿಸಾವ್ರು ಬರ್ತಾರ. ಫೈನಲ್ ಆಡೋ ಎರಡ ಟೀಮ್ ಅಷ್ಟ ನೋಡ್ತಾರ. ಉಳದಾವ್ರನ್ನ ಕಣ್ಣೆತ್ತಿನೂ ನೋಡಂಗಿಲ್ಲ."

"ಆರಿಸಿದ್ರ?"

"ಹೊರಗಿನ ರಾಜ್ಯಕ್ಕ ಆಡಾಕ ಕರ್ಕೊಂಡ ಹೋಗ್ತಾರ್ರೀ. ಅಲ್ಲಿ ಕಟ್ಟಿಗಿ ಕೋರ್ಟ್ ಇರ್ತೈತಂತ. ಟಿವಿಯೊಳಗ ನೋಡೀನಿ, ಮಿಂಚತಿರ್ತೈತಿ. ಒಮ್ಮೆರೆ ಅದರ ಮ್ಯಾಲ ಆಡಬೇಕ್ರಿ. ನಮ್ಮ ಸಿಮೆಂಟಿನ ಮ್ಯಾಲ ಬಿದ್ದು ಬಿದ್ದು ಮೊಣಕಾಲ ನೋಡ್ರಿ ಏನಾಗ್ಯಾವು." ನಕ್ಕಳು. "ಇದು ನಂದು ಕಡೀ ವರ್ಷ. ಇದ ಬಿಟ್ರ ಮುಗೀತು."

ಆ ಹುಡುಗಿ ಕೇಳಿದ್ದು ಒಂದು ಸಲ ಮರದ ನೆಲದ ಮೇಲೆ ಆಡುವ ಅವಕಾಶವನ್ನು. ನನಗೆ ಅವಳ ಮೇಲೆ ಭಾರಿ ಅಕ್ಕರೆ ಬಂತು. ಝೆರಾಕ್ಸಿನ ರೊಕ್ಕ ಬೇಡ ಅಂದೆ. ಅವಳು ಕೇಳಲಿಲ್ಲ, ಇಟ್ಟೇ ಹೋದಳು.

ಟೂರ್ನಮೆಂಟ್ ಅಥಣಿಯಲ್ಲಿ. ಮೊದಲ ಮ್ಯಾಚನ್ನು ನಮ್ಮವರು ಬೆಳಿಗ್ಗೆಯೇ ಗೆದ್ದರು. ಆದರೆ ಟೀಮಿನ ಎತ್ತರದ ಹುಡುಗಿಯ ಕಾಲು ಉಳುಕಿತು. ಪಿ.ಟಿ. ಸರ್ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದರು. ಹೋಗುವ ಮುಂಚೆ ನೋಟಿಸ್ ಬೋರ್ಡಿನ ಫೋಟೋ ತೆಗೆದು ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಖುಷಿಗೆ ಹಾಕಿದರು, ಪಾಪ.

ಆ ಫೋಟೋ ಚಹಾದಂಗಡಿಗೆ ಬಂತು. 'ಚಿಕ್ಕೋಡಿಗೆ ಬೈ.'

ಅಣ್ಣಾಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಏನ್ರಿ ಇದು? ಚಿಕ್ಕೋಡಿಗೆ ಬೈ ಅಂತ ಬೋರ್ಡ್ ಹಾಕ್ಯಾರ! ಅದೂ 'ಬೈಯ್ರಿ' ಅಂತಲ್ಲ. 'ಬೈ'! ಏಕವಚನ!"

ನೀವೇ ಹೇಳಿ. ಮಾತುಮಾತಿಗೆ 'ರೀ' ಹಚ್ಚುವ ನಾಡು ನಮ್ಮದು. ನಾಯಿಯನ್ನೂ 'ಹೋಗ್ರಿ ಆ ಕಡೆ' ಅನ್ನುವವರಿದ್ದಾರೆ. ಇಲ್ಲಿ ಬೈಗುಳಕ್ಕಿಂತ ಏಕವಚನದ ಗಾಯ ದೊಡ್ಡದು.

"ಅದು ಬೈಗುಳ ಅಲ್ರಿ ಅಣ್ಣಾಸಾಹೇಬ್ರ," ಎಂದರು ದಸ್ತಗೀರ ಮಾಮಾ. "ಅದು ಬೈ ಬೈ. ಟಾಟಾ. ಅಂದ್ರ ನಮ್ಮ ಟೀಮ್ ಹೊರಗ ಹಾಕ್ಯಾರ. ರೈಟ್ ಹೇಳ್ಯಾರ."

"ಗೆದ್ದಾವ್ರನ್ನ ಹೊರಗ ಹಾಕೂದು? ಅದು ಇನ್ನೂ ದೊಡ್ಡ ಅನ್ಯಾಯ!"

ವಿಲಾಸ ಕ್ರಿಕೆಟ್ ಭಕ್ತ. ಬೈ ಅಂದರೆ ಬ್ಯಾಟಿಗೆ ತಾಗದೆ ಬರುವ ರನ್, ಅದು ನಮಗೆ ಎಷ್ಟು ಸಿಕ್ಕಿದೆ ನೋಡಬೇಕು ಅಂದ. ಅವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಾನು ಅಂಗಡಿಯಿಂದ ಎದ್ದು ಬಂದೆ. "ಅಲ್ರಿ, ಬೈ ಅಂದ್ರ ಒಂದು ಮ್ಯಾಚ್ ಆಡದನ ಮುಂದಿನ ಸುತ್ತಿಗೆ ಹೋಗೂದು. ಮೂರು ಟೀಮ್ ಉಳದಾವು. ಇಬ್ಬರು ಆಡ್ತಾರ, ಒಬ್ರಿಗೆ ಚೀಟಿ ಎತ್ತಿ ಬೈ ಕೊಡ್ತಾರ. ನಮಗ ಸಿಕ್ಕೈತಿ. ನಾವು ಫೈನಲ್ ಮುಟ್ಟೀವಿ. ಪೇಢೆ ತರಸ್ರಿ."

ಅಣ್ಣಾಸಾಹೇಬರು ನನ್ನನ್ನು ಕರುಣೆಯಿಂದ ನೋಡಿದರು. "ಆಡದನ ಗೆಲ್ಲೂದಾ? ಅಥಣಿಯವ್ರು? ನಮಗ? ಚಿಕ್ಕೋಡಿಗೆ ಜಿಲ್ಲಾ ಬಿಟ್ಟು ಕೊಡಲಾರದಾವ್ರು ಫೈನಲ್ ಬಿಟ್ಟು ಕೊಡ್ತಾರೇನು? ನೀವು ಕಾಲಂ ಬರೀರಿ. ನ್ಯಾಯ ನಮಗ ಬಿಡ್ರಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಮ್ಮವರು ಕಟ್ಟಿದ್ದಲ್ಲದೆ ಹಾಲು ಹಿಂಡಲಿಕ್ಕೆ ಚರಿಗೆಯನ್ನೂ ತಂದರು. ಅರ್ಧ ತಾಸಿನಲ್ಲಿ ಓಣಿ ಓಣಿಗೆ ಸುದ್ದಿ ಹೋಯಿತು. ಅಥಣಿಯಲ್ಲಿ ನಮ್ಮ ಹುಡುಗಿಯರಿಗೆ ಬೈದರಂತೆ. ಅತ್ತರಂತೆ. ಊಟ ಕೊಡಲಿಲ್ಲವಂತೆ. ಯಾರಾದರೂ ಸ್ನೇಹಲ್‌ಗೆ ಒಂದು ಫೋನ್ ಮಾಡಿ ಕೇಳಿದರೇ? ನಾನು ಮಾಡಿದೆ. ಸ್ವಿಚ್ ಆಫ್. ಆಟಗಾರರ ಫೋನು ಪಿ.ಟಿ. ಸರ್ ಚೀಲದಲ್ಲಿ, ಸರ್ ದವಾಖಾನೆಯಲ್ಲಿ. ಅವರ ಫೋನೂ ಹತ್ತಲಿಲ್ಲ.

ಒಂದು ಮನವಿಪತ್ರ ಸಿದ್ಧವಾಯಿತು. ನನ್ನ ಅಂಗಡಿಯಲ್ಲೇ ಟೈಪ್ ಆಯಿತು, ಬೇರೆಲ್ಲಿ? 'ಚಿಕ್ಕೋಡಿಗೆ ಕೊಟ್ಟ ಬೈಯನ್ನು ಈ ಕೂಡಲೇ ವಾಪಸ್ ಪಡೆಯಬೇಕು.' ಕೊನೆಗೆ, ಕೈ ಸುಮ್ಮನಿರಲಾರದೆ, 'ಚಿಕ್ಕೋಡಿಯನ್ನು ಪ್ರತ್ಯೇಕ ಜಿಲ್ಲೆ ಎಂದು ಘೋಷಿಸಬೇಕು' ಎಂಬ ಸಾಲನ್ನೂ ಸೇರಿಸಿದರು. ಬಾಸ್ಕೆಟ್‌ಬಾಲ್ ರೆಫರಿ ಘೋಷಿಸಬೇಕಂತೆ!

ನಾನು ಗಾಡಿ ಹತ್ತಿದೆ. ಅಲ್ಲಿ ಹೋದ ಮೇಲಾದರೂ ಯಾರಾದರೂ ನನ್ನ ಮಾತು ಕೇಳಿಯಾರು ಎಂಬ ಆಸೆ. (ಹೆಂಡತಿಗೆ ಇದೇ ಉತ್ತರ. ಆಕೆ ಒಪ್ಪಿಲ್ಲ.)

ಕಬ್ಬಿನ ಹಂಗಾಮು. ರಾಯಬಾಗ ದಾಟುವವರೆಗೆ ನಮ್ಮ ಮುಂದೆ ಎರಡೆರಡು ಟ್ರಾಲಿ ಎಳೆದುಕೊಂಡು ಟ್ರ್ಯಾಕ್ಟರುಗಳು ತೆವಳುತ್ತಿದ್ದವು. ಓವರ್‌ಟೇಕ್ ಮಾಡಲು ಜಾಗವಿಲ್ಲ. ಹಾರೂಗೇರಿಯಲ್ಲಿ ಒಂದು ಟ್ರಾಲಿ ಕಬ್ಬು ಚೆಲ್ಲಿ ರಸ್ತೆ ಬಂದ್. ಸಿಟ್ಟು ಆರೀತು ಅಂದುಕೊಂಡೆ. ನಿಂತ ಗಾಡಿಯಲ್ಲಿ ಸಿಟ್ಟು ಇನ್ನೂ ಹೆಚ್ಚು ಕುದಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಅಥಣಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಅಣ್ಣಾಸಾಹೇಬರು ಸೀದಾ ಮೈದಾನಕ್ಕೆ ಹೋಗಿ ಒಂದು ಬೆಂಚಿನ ಮೇಲೆ ಹತ್ತಿ ನಿಂತರು. "ಬೈ ವಾಪಸ್ ತಗೋರಿ!" ಎಂದು ಕೂಗಿದರು. ನಮ್ಮವರೆಲ್ಲ ದನಿಗೂಡಿಸಿದರು.

ಸಂಘಟಕರು ಓಡಿ ಬಂದರು. ಅಲ್ಲಿಯ ಕಾಲೇಜಿನ ಪಿ.ಟಿ. ಸರ್, ತೆಳ್ಳನೆಯ ನಗುಮುಖದ ಮನುಷ್ಯ. ವಿಷಯ ಕೇಳಿದರು. ನಗು ತಡೆದುಕೊಂಡು ಹೇಳಿದರು: "ಯಜಮಾನ್ರ, ಅದು ಬೈಗುಳ ಅಲ್ರಿ. ನವೆಂಬರ್ ತಿಂಗಳು ನೋಡ್ರಿ, ಎಲ್ಲಾ ಕನ್ನಡದಾಗ ಬರೀರಿ ಅಂತ ಪ್ರಿನ್ಸಿಪಾಲ್ರು ಹೇಳಿದ್ರು. ಬೈ ಅನ್ನಾಕ ಕನ್ನಡ ಶಬ್ದ ಸಿಗಲಿಲ್ಲ. ಹಂಗ ಬರದಿವಿ. ನಿಮ್ಮ ಟೀಮ್ ಆಡದನ ಫೈನಲ್‌ಗೆ ಹೋಗೈತ್ರಿ."

ಸುತ್ತ ನಿಂತಿದ್ದ ಅಥಣಿಯ ಹುಡುಗರು ಗೊಳ್ಳೆಂದು ನಕ್ಕರು.

ಅಲ್ಲಿಗೆ ಮುಗಿಯಬೇಕಿತ್ತು. 'ಓಹೋ, ಹಂಗೇನು' ಅಂತ ಬೆಂಚಿನಿಂದ ಇಳಿದು, ನಕ್ಕು, ಒಂದು ಕಪ್ ಚಹಾ ಕುಡಿದು ಬರಬಹುದಿತ್ತು. ಆದರೆ ನೀವು ಎಂದಾದರೂ ಪರ ಊರಿನಲ್ಲಿ, ನಗುವ ಜನರ ನಡುವೆ, ಬೆಂಚಿನಿಂದ ಇಳಿದಿದ್ದೀರಾ? ಹತ್ತುವುದು ಸುಲಭ. ಇಳಿಯಲು ಬೇರೆಯೇ ಗಂಡಸ್ತನ ಬೇಕು.

ಅಣ್ಣಾಸಾಹೇಬರ ಮುಖ ಕೆಂಪಾಯಿತು. ಆಮೇಲೆ ಎದೆ ಸೆಟೆಸಿ ಅಂದರು: "ಬೈ ಅಂದ್ರ ಏನಂತ ನಮಗ ಗೊತ್ತಿಲ್ಲೇನು? ಎಲ್ಲಾ ಗೊತ್ತೈತಿ! ಆಡದನ ಗೆಲ್ಲೂದಂದ್ರ ಬಿಟ್ಟಿ ಕೂಳು! ಚಿಕ್ಕೋಡಿ ಮಂದಿ ಬಿಟ್ಟಿ ಕೂಳು ಉಣ್ಣಂಗಿಲ್ಲ! ಅದಕ್ಕ ಬಂದೀವಿ! ಬೈ ವಾಪಸ್ ತಗೋರಿ!"

ಚಪ್ಪಾಳೆ ಬಿತ್ತು. ನಮ್ಮವರದಷ್ಟೇ ಅಲ್ಲ, ಅಥಣಿಯವರದೂ. ನಕ್ಕವರೇ ಚಪ್ಪಾಳೆ ಹೊಡೆದರು. ಓದಿದ್ದು ತಪ್ಪು, ಬಂದಿದ್ದು ತಪ್ಪು, ಆದರೂ ಒಂದೇ ಉಸಿರಿನಲ್ಲಿ ಎಲ್ಲವೂ ತತ್ವವಾಗಿಹೋಯಿತು! ನಮ್ಮ ಎಷ್ಟು ತತ್ವಗಳು ಹೀಗೇ ಹುಟ್ಟಿವೆಯೋ, ಬಲ್ಲವರು ಯಾರು?

ಸ್ನೇಹಲ್ ಓಡಿ ಬಂದಳು. ಜೆರ್ಸಿಯ ಮೇಲೆ ಟವೆಲ್ ಹೊದ್ದಿದ್ದಳು. "ಕಾಕಾ, ಬ್ಯಾಡ್ರಿ. ನಮ್ಮ ಹುಡುಗಿ ಕಾಲು ಉಳುಕೈತಿ. ನಾಳೆ ತನಕಾ ಆಕಿಗೆ ರೆಸ್ಟ್ ಬೇಕ್ರಿ. ನಾವು ಫೈನಲ್ ಮುಟ್ಟೀವ್ರಿ. ದಯವಿಟ್ಟು ಸುಮ್ನ ಹೋಗ್ರಿ."

"ನೀ ಸುಮ್ಕಿರವ್ವಾ. ನಿನಗ ತಿಳಿಯಂಗಿಲ್ಲ. ಇದು ಊರ ಮರ್ಯಾದಿ ಪ್ರಶ್ನೆ," ಎಂದರು ಅಣ್ಣಾಸಾಹೇಬರು.

ನಾನೂ ಅವರ ಅಂಗಿ ಹಿಡಿದು ಎಳೆದೆ. ಕೊಡವಿಕೊಂಡರು.

ಕಾಗವಾಡ ಮತ್ತು ನಿಪ್ಪಾಣಿಯ ಟೀಮಿನವರು ಬೆಳಗಿನಿಂದ 'ಅವರಿಗ್ಯಾಕೆ ಬೈ, ನಮಗ್ಯಾಕಿಲ್ಲ' ಅಂತ ಸಂಘಟಕರ ತಲೆ ತಿನ್ನುತ್ತಿದ್ದರಂತೆ. ಆ ಮನುಷ್ಯನಿಗೆ ದೇವರೇ ಬೆಂಚಿನ ಮೇಲೆ ಪ್ರತ್ಯಕ್ಷನಾದಂತಾಯಿತು. "ಬರದು ಕೊಡ್ರಿ," ಎಂದರು ನಯವಾಗಿ. ಅಣ್ಣಾಸಾಹೇಬರು ಆಡಳಿತ ಸಮಿತಿಯ ಸದಸ್ಯರಲ್ಲವೇ? ಮನವಿಪತ್ರ ಹೇಗೂ ಕೈಯಲ್ಲಿತ್ತು. ಸಹಿ ಬಿತ್ತು.

ಮತ್ತೆ ಚೀಟಿ ಎತ್ತಿದರು. ಬೋರ್ಡಿಗೆ ಹೊಸ ಹಾಳೆ ಬಂತು. 'ನಿಪ್ಪಾಣಿಗೆ ಬೈ.'

ನಿಪ್ಪಾಣಿಯಿಂದ ಯಾವ ಗಾಡಿಯೂ ಬರಲಿಲ್ಲ. ಅವರಿಗೆ ಯಾರೂ ಬೈದಂತೆ ಅನಿಸಲಿಲ್ಲ ಅಂತ ಕಾಣುತ್ತದೆ. ವಿಲಾಸ ಮಾತ್ರ ಮೂಲೆಗೆ ಹೋಗಿ ಅದರ ಫೋಟೋ ತೆಗೆದು ಊರಿಗೆ ಕಳಿಸಿದ. ಮುಖದಲ್ಲಿ ದುಃಖ ತೋರಿಸಲು ಬಹಳ ಕಷ್ಟಪಟ್ಟ.

ಸಂಜೆ ಚಿಕ್ಕೋಡಿ-ಕಾಗವಾಡ ಮ್ಯಾಚು. ನಮ್ಮವರು ಜೀವನದಲ್ಲಿ ಮೊದಲ ಸಲ ಬಾಸ್ಕೆಟ್‌ಬಾಲ್ ನೋಡಲು ಕುಳಿತರು. "ಗೋಲ್ ಎಷ್ಟಾದ್ವು?" ಅಂತ ಅಣ್ಣಾಸಾಹೇಬರು ನನ್ನನ್ನು ಕೇಳಿದರು. ದಸ್ತಗೀರ ಮಾಮಾ ಬಾಲ್ ನಮ್ಮವರ ಕೈಗೆ ಬಂದಾಗಲೆಲ್ಲ ಹಳೆಯ ಅಭ್ಯಾಸಬಲದಿಂದ "ಮುಂದ ನಡೀರಿ, ಮುಂದ ಜಾಗಾ ಐತಿ!" ಎಂದು ಒದರಿದರು. ನಿಜ ಹೇಳಬೇಕೆಂದರೆ ಇಡೀ ದಿನದಲ್ಲಿ ಉಪಯೋಗಕ್ಕೆ ಬಂದ ಸಲಹೆ ಅದೊಂದೇ.

ಆದರೆ ಆ ಹುಡುಗಿ ಆಡಿದ ಆಟ! ಎತ್ತರದವಳು ಕಾಲಿಗೆ ಪಟ್ಟಿ ಕಟ್ಟಿಕೊಂಡು ಹೊರಗೆ ಕುಳಿತಿದ್ದಳು. ಅವಳ ಕೆಲಸವನ್ನೂ ಸ್ನೇಹಲ್ ತಾನೇ ಮಾಡಿದಳು. ತನಗಿಂತ ಗೇಣು ಎತ್ತರದವರ ನಡುವೆ ನುಗ್ಗಿ ಬಾಲ್ ಕಿತ್ತಳು. ಬಿದ್ದಳು, ಎದ್ದಳು, ಮೊಣಕಾಲು ಒರೆಸಿಕೊಂಡು ಮತ್ತೆ ಓಡಿದಳು. ನಮ್ಮ ಎದುರಿನ ಗ್ರೌಂಡಿನಲ್ಲಿ ಮೂರು ವರ್ಷದಿಂದ ಇದು ನಡೆಯುತ್ತಿತ್ತು ಅಂತ ಅಣ್ಣಾಸಾಹೇಬರ ಮುಖದ ಮೇಲೆ ಆಶ್ಚರ್ಯ. "ಅಲಲಾ, ಹುಡುಗಿ ಭಾರಿ ಐತ್ರಿ!" ಎಂದರು. ಹೌದು, ಭಾರಿ ಇದ್ದಳು.

ಕೊನೆಗೆ ಒಂದು ಪಾಯಿಂಟ್ ಹಿಂದಿದ್ದರು. ಸಮಯ ಮುಗಿಯುತ್ತಾ ಬಂದಿತ್ತು. ಸ್ನೇಹಲ್ ಇಬ್ಬರನ್ನು ದಾಟಿ ಜಿಗಿದು ಎಸೆದಳು. ಬಾಲ್ ರಿಂಗಿನ ಅಂಚಿನ ಮೇಲೆ ಸುತ್ತು ಹೊಡೆದು ಹೊರಗೆ ಬಿತ್ತು. ಸೀಟಿ ಊದಿದರು.

ಕಾಗವಾಡದ ಹುಡುಗಿಯರು ಕುಣಿದರು. ಕುಣಿಯಬೇಕಾದ್ದೇ, ಗೆದ್ದಿದ್ದರು. ಸ್ನೇಹಲ್ ನಡು ಕೋರ್ಟಿನಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದಳು. ಲೇಸು ಬಿಚ್ಚಿ ಆದ ಮೇಲೂ ಎದ್ದೇಳಲಿಲ್ಲ. ಹತ್ತಿರ ಹೋಗಿ ಏನಾದರೂ ಅನ್ನಬೇಕು ಅನಿಸಿತು. ಹೋಗಿ ನೀರಿನ ಬಾಟಲಿ ಕೊಟ್ಟೆ, ಅಷ್ಟೇ.

ದವಾಖಾನೆಯಿಂದ ಬಂದ ಮೇಲಷ್ಟೇ ನಮ್ಮ ಪಿ.ಟಿ. ಸರ್‌ಗೆ ಸಂಗತಿ ಗೊತ್ತಾಗಿದ್ದು. ಮ್ಯಾಚ್ ಮುಗಿಯುವವರೆಗೆ ಹಲ್ಲು ಕಚ್ಚಿ ನಿಂತಿದ್ದರು. ಅಣ್ಣಾಸಾಹೇಬರ ಎದುರು ಬಂದು ಬಾಯಿ ತೆರೆದರು. ಆಡಳಿತ ಸಮಿತಿ ನೆನಪಾಯಿತು. "ನಮಸ್ಕಾರ್ರೀ ಸರ್," ಎಂದು ಮುಂದೆ ಹೋದರು.

ವಾಪಸ್ ಬರುವಾಗ ಗಾಡಿಯಲ್ಲಿ ಹಾರೂಗೇರಿಯವರೆಗೆ ಯಾರೂ ಮಾತಾಡಲಿಲ್ಲ. ಪರವಾಗಿಲ್ಲ, ಇವರಿಗೆ ನಾಟಿದೆ ಅಂದುಕೊಂಡೆ. ಹಾರೂಗೇರಿಯಲ್ಲಿ ಚಹಾ ಕುಡಿದರು. ಆಮೇಲೆ ಶುರುವಾಯಿತು.

"ರೆಫರಿ ಅಥಣಿಯಾಂವಾ ಇದ್ದ. ಅದಕ್ಕ."

"ಕಾಗವಾಡದ ಹುಡುಗ್ಯಾರು ದ್ರಾಕ್ಷಿ ತಿಂದ ಬೆಳದಾರ್ರೀ. ತಾಕತ್ತ ಬ್ಯಾರೆನ."

"ಒಂದ ಪಾಯಿಂಟ್ ಅಂದ್ರ ಸೋತಂಗ ಅಲ್ಲ ಬಿಡ್ರಿ. ಮಾನಾ ಉಳೀತು."

ಬೈ ವಿಷಯ? ಅದನ್ನು ಯಾರೂ ಎತ್ತಲಿಲ್ಲ. ರಾಯಬಾಗ ಬರುವಷ್ಟರಲ್ಲಿ ಆ ಸಹಿ ಬಿದ್ದೇ ಇರಲಿಲ್ಲ. ಚಿಕ್ಕೋಡಿ ಮುಟ್ಟುವಷ್ಟರಲ್ಲಿ ನಾವು ಬಹುತೇಕ ಗೆದ್ದಿದ್ದೆವು.

ಮರುದಿನ ಫೈನಲ್ ನಿಪ್ಪಾಣಿ ಮತ್ತು ಕಾಗವಾಡದ ನಡುವೆ ನಡೆಯಿತು. ಯುನಿವರ್ಸಿಟಿ ಟೀಮ್ ಆರಿಸುವವರು ಬಂದರು, ನೋಡಿದರು, ಆರಿಸಿಕೊಂಡು ಹೋದರು. ನಮ್ಮೂರಿನವರು ಯಾರೂ ಆ ಲಿಸ್ಟಿನಲ್ಲಿ ಇರಲಿಲ್ಲ. ಇರುವ ಹಾಗೂ ಇರಲಿಲ್ಲ.

ಮೊನ್ನೆ ಮುಂಜಾನೆ ಸಭೆ ಎಂದಿನಂತೆ ಭರ್ತಿಯಾಗಿತ್ತು. ಸ್ನೇಹಲ್ ಗಿರಣಿಯಿಂದ ಯಾರದೋ ಮನೆಗೆ ಹಿಟ್ಟಿನ ಡಬ್ಬಿ ಕೊಡಲು ಹೊರಟಿದ್ದಳು. ಅಣ್ಣಾಸಾಹೇಬರು ಕರೆದರು. ಕೆಟ್ಟ ಮನುಷ್ಯರಲ್ಲ ಅವರು, ಇದನ್ನು ಹೇಳಲೇಬೇಕು. ದನಿಯಲ್ಲಿ ನಿಜವಾದ ಪ್ರೀತಿ ಇತ್ತು.

"ಬಾರವ್ವಾ, ಒಂದ ಕಪ್ ಚಾ ಕುಡಿ. ಮನಸ್ಸಿಗೆ ಹಚ್ಚಿಕೋಬ್ಯಾಡಾ. ನಾವೆಲ್ಲಾ ಕೂತು ಲೆಕ್ಕಾ ಹಾಕೇವಿ. ಮುಂದಿನ ವರ್ಷ ನಮಗ ಚಾನ್ಸ್ ಭಾಳ ಐತಿ. ಪಕ್ಕಾ ಐತಿ."

ದಸ್ತಗೀರ ಮಾಮಾ, ವಿಲಾಸ ಇಬ್ಬರೂ ತಲೆಯಾಡಿಸಿದರು. ಸ್ನೇಹಲ್ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ.

"ಮುಂದಿನ ವರ್ಷ ನಾ ಕಾಲೇಜಿನ್ಯಾಗ ಇರಂಗಿಲ್ರೀ ಕಾಕಾ, ನಂದು ಡಿಗ್ರಿ ಮುಗೀತೈತಿ," ಎಂದಳು. "ನೀವಂತೂ ಇಲ್ಲೇ ಇರ್ತೀರಲ್ರೀ?"